ಕೊಳದ ಗೆರೆ, ಊಟದ ಮನೆಯ ದಾರಿ

ಕಣ್ಣಿಲ್ಲದವನಿಗೆ ಕಿವಿಯೇ ಕಣ್ಣು, ಕಿವಿಯಿಲ್ಲದವನಿಗೆ ಕಣ್ಣೇ ಕಿವಿ ಎಂಬ ತಿಳಿವಳಿಕೆ ನಮ್ಮಲ್ಲಿ ಬಹುಕಾಲದಿಂದ ನೆಲೆಸಿದೆ. ಅದು ನಿರಾಧಾರವಾದುದೂ ಅಲ್ಲ. ದೃಷ್ಟಿಯಿಲ್ಲದವನು ಹೆಜ್ಜೆಯ ಸಪ್ಪಳದಿಂದ ಬಂದವರಾರೆಂಬುದನ್ನು ಅರಿಯುತ್ತಾನೆ, ಬೀದಿಯ ಗದ್ದಲದ ಏರಿಳಿತದಿಂದ ತಿರುವು ಎಲ್ಲಿದೆಯೆಂಬುದನ್ನು ಊಹಿಸುತ್ತಾನೆ. ಶ್ರವಣವಿಲ್ಲದವನು ಎದುರಿಗಿರುವವರ ತುಟಿಗಳ ಚಲನೆಯಿಂದ, ಹುಬ್ಬಿನ ಬಾಗಿನಿಂದ, ಕೈಬೆರಳುಗಳ ಸನ್ನೆಯಿಂದ ಮಾತಿನ ಅಭಿಪ್ರಾಯವನ್ನು ಹಿಡಿಯುತ್ತಾನೆ. ಲೋಕವು ಈ ಇಬ್ಬರಿಗಾಗಿ ಕಲ್ಪಿಸಿರುವ ಉಪಾಯಗಳಲ್ಲಿ ಹೆಚ್ಚಿನವು ಒಂದು ಇಂದ್ರಿಯವು ಇನ್ನೊಂದಕ್ಕೆ ನೀಡುವ ಈ ನೆರವಿನ ಮೇಲೆಯೇ ನಿಂತಿವೆ. ಆದರೆ ಎರಡೂ ಇಂದ್ರಿಯಗಳು ಒಂದೇ ದೇಹದಲ್ಲಿ ಕುಂದಿದಾಗ ಆ ಉಪಾಯಗಳೆಲ್ಲ ಒಮ್ಮೆಗೇ ನಿಷ್ಪ್ರಯೋಜಕವಾಗುತ್ತವೆ: ಕುರುಡನಿಗೆಂದು ಏರ್ಪಡಿಸಿದ ಧ್ವನಿ ಕೇಳಿಸದು, ಕಿವುಡನಿಗೆಂದು ಬರೆದ ಫಲಕ ಕಾಣಿಸದು. ಇಂಥ ಸ್ಥಿತಿಯಲ್ಲಿದ್ದುಕೊಂಡೇ ಈಜಿನಲ್ಲಿ ಲೋಕದ ಅಗ್ರಪಂಕ್ತಿಗೆ ಏರಿದ, ಏರಿದ ಮೇಲೆ ಒಂದು ನ್ಯಾಯದ ಪ್ರಶ್ನೆಗಾಗಿ ಆ ಪಂಕ್ತಿಯನ್ನು ತಾನಾಗಿಯೇ ಬಿಟ್ಟು ಹೊರಗೆ ನಿಂತ ಅಮೆರಿಕದ ರೆಬೆಕಾ ಮೇಯರ್ಸ್ ಎಂಬ ಈಜುಗಾರ್ತಿಯ ಚರಿತ್ರೆಯನ್ನು ಕನ್ನಡದ ವಾಚಕರ ಮುಂದಿಡಬೇಕೆಂಬುದು ನನ್ನ ಬಹುದಿನದ ಆಸೆ.

ಬೆಕಾ ಎಂದೇ ಎಲ್ಲರೂ ಕರೆಯುವ ಈಕೆ ಹುಟ್ಟಿದ್ದು 1994ರ ಡಿಸೆಂಬರ್ 11ರಂದು, ಮೇರಿಲ್ಯಾಂಡ್ ರಾಜ್ಯದ ಬಾಲ್ಟಿಮೋರ್ ನಗರದಲ್ಲಿ. ಈಜಿನ ಇತಿಹಾಸದಲ್ಲಿ ಆ ಊರಿಗೆ ಮೊದಲೇ ಹೆಸರಿತ್ತು. ಒಲಿಂಪಿಕ್ಸಿನಲ್ಲಿ ಮತ್ತಾರೂ ಗಳಿಸದಷ್ಟು ಪದಕಗಳನ್ನು ಗಳಿಸಿದ ಮೈಕೆಲ್ ಫೆಲ್ಪ್ಸ್ ಅಲ್ಲಿಯವನೇ. ಬೆಕಾಳ ಕಿವಿಗಳು ಹುಟ್ಟುತ್ತಲೇ ಮೌನವಾಗಿದ್ದವು. ಕಾರಣ ಅಷರ್ ಸಿಂಡ್ರೋಮ್ ಎಂಬ ಆನುವಂಶಿಕ ರೋಗ. 1858ರಲ್ಲಿಯೇ ಜರ್ಮನಿಯ ನೇತ್ರವೈದ್ಯ ಆಲ್ಬ್ರೆಕ್ಟ್ ಫಾನ್ ಗ್ರೇಫೆ ಇದರ ಲಕ್ಷಣಗಳನ್ನು ಗುರುತಿಸಿದ್ದನಾದರೂ, 1914ರಲ್ಲಿ ಇದು ವಂಶದಲ್ಲಿ ಹರಿದುಬರುವ ಬಗೆಯನ್ನು ವಿವರಿಸಿದ ಬ್ರಿಟನ್ನಿನ ಚಾರ್ಲ್ಸ್ ಅಷರ್‌ನ ಹೆಸರೇ ಇದಕ್ಕೆ ನಿಂತಿತು. ತಂದೆ ತಾಯಿಗಳಿಬ್ಬರೂ ಚೆನ್ನಾಗಿ ಕಾಣುವವರು, ಚೆನ್ನಾಗಿ ಕೇಳುವವರು. ಆದರೆ ದೋಷವುಳ್ಳ ಒಂದು ವಂಶವಾಹಿಯನ್ನು ಇಬ್ಬರೂ ತಮಗೆ ತಿಳಿಯದಂತೆಯೇ ಹೊತ್ತಿರುತ್ತಾರೆ, ಅವರಿಗೆ ಹುಟ್ಟುವ ಪ್ರತಿಯೊಂದು ಮಗುವಿಗೂ ಈ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು. ಒಳಗಿವಿಯಲ್ಲಿ ಶಬ್ದವನ್ನು ಗ್ರಹಿಸುವ ಸೂಕ್ಷ್ಮ ರೋಮಕೋಶಗಳು ಮೊದಲಿನಿಂದಲೇ ಅಶಕ್ತವಾಗಿರುತ್ತವೆ; ಕಣ್ಣಿನ ಅಕ್ಷಿಪಟಲದ ಕೋಶಗಳಾದರೋ ಬಾಲ್ಯದಲ್ಲಿ ಕೆಲಸಮಾಡುತ್ತಿದ್ದು, ಅನಂತರ ವರ್ಷದಿಂದ ವರ್ಷಕ್ಕೆ ಒಂದೊಂದಾಗಿ ನಶಿಸುತ್ತ ಬರುತ್ತವೆ. ಮಂದಬೆಳಕಿನಲ್ಲಿ ಕಾಣಲು ನೆರವಾಗುವ ಕೋಶಗಳು ಮೊದಲು ಹೋಗುವುದರಿಂದ ಇರುಳುಗುರುಡು ಆರಂಭವಾಗುತ್ತದೆ. ಆಮೇಲೆ ನೋಟದ ಅಂಚುಗಳು ಸವೆಯುತ್ತವೆ. ಕಡೆಗೆ ಬಿದಿರಿನ ಕೊಳವೆಯೊಂದನ್ನು ಕಣ್ಣಿಗೆ ಹಿಡಿದು ನೋಡಿದಂತೆ, ಎದುರಿನ ಒಂದು ಚಿಕ್ಕ ವೃತ್ತವಷ್ಟೇ ಉಳಿದು ಸುತ್ತಲಿನ ಜಗತ್ತೆಲ್ಲ ಮರೆಯಾಗುತ್ತದೆ.

ಈ ರೋಗದ ಕ್ರೌರ್ಯವಿರುವುದು ಅದರ ಕ್ರಮದಲ್ಲಿ. ಹುಟ್ಟಿನಿಂದ ಕೇಳದ ಮಗು ತನ್ನ ಬದುಕನ್ನೆಲ್ಲ ಕಣ್ಣಿನ ಮೇಲೆ ಕಟ್ಟಿಕೊಳ್ಳುತ್ತದೆ. ತಾಯಿಯ ಮುಖವನ್ನು ಓದಲು, ಗುರುವಿನ ತುಟಿಯನ್ನು ಓದಲು, ಆಟದ ಗೆಳತಿಯರ ಮನಸ್ಸನ್ನು ಓದಲು ಕಲಿಯುತ್ತದೆ. ಹಾಗೆ ಕಲಿತು ಲೋಕದೊಡನೆ ಒಂದು ಸ್ನೇಹವನ್ನು ಸ್ಥಾಪಿಸಿಕೊಳ್ಳುವಷ್ಟರಲ್ಲಿ, ಆ ಸ್ನೇಹಕ್ಕೆ ಆಧಾರವಾದ ಕಣ್ಣೂ ಕ್ಷೀಣಿಸತೊಡಗುತ್ತದೆ. ತನಗೆ ಮುಂದೆ ಏನಾಗಲಿದೆಯೆಂಬುದು ಬುದ್ಧಿ ಬಲಿತ ಮಗುವಿಗೆ ತಿಳಿದೇ ಇರುತ್ತದೆ. ಎಂದು, ಎಷ್ಟು ಎಂಬುದು ಮಾತ್ರ ಯಾವ ವೈದ್ಯನಿಗೂ ಗೊತ್ತಿಲ್ಲ. ಬೆಕಾ ಮೇಯರ್ಸ್ ಈಜಿದ ಪ್ರತಿಯೊಂದು ಸ್ಪರ್ಧೆಯೂ ಹಿಂದಿನದಕ್ಕಿಂತ ಕಿರಿದಾದ ನೋಟದಿಂದ ಈಜಿದುದು ಎಂಬುದನ್ನು ನೆನಪಿನಲ್ಲಿಟ್ಟುಕೊಂಡರೆ, ಆಕೆಯ ಚರಿತ್ರೆಯ ಉಳಿದ ಭಾಗವು ನಮಗೆ ಸರಿಯಾಗಿ ಅರ್ಥವಾಗುತ್ತದೆ.

ಶ್ರವಣಕ್ಕೆ ಮಾತ್ರ ವಿಜ್ಞಾನವು ಒಂದು ಮಟ್ಟಿನ ಪರಿಹಾರವನ್ನು ಒದಗಿಸಿತು. ಬೆಕಾಳಿಗೆ ಕಾಕ್ಲಿಯರ್ ಇಂಪ್ಲಾಂಟ್ ಅಳವಡಿಸಲಾಯಿತು. ಕಿವಿಯ ಹಿಂದೆ ಧರಿಸುವ ಯಂತ್ರವು ಶಬ್ದವನ್ನು ಹಿಡಿದು ವಿದ್ಯುತ್ಸಂಕೇತವನ್ನಾಗಿ ಮಾರ್ಪಡಿಸುತ್ತದೆ. ಶಸ್ತ್ರಚಿಕಿತ್ಸೆಯಿಂದ ಒಳಗಿವಿಯಲ್ಲಿ ಇರಿಸಿದ ತಂತುವು ಆ ಸಂಕೇತವನ್ನು ನೇರವಾಗಿ ಶ್ರವಣನರಕ್ಕೆ ಮುಟ್ಟಿಸುತ್ತದೆ. ಇದರಿಂದ ಮಾತು ಕಲಿಯುವುದು, ಎಲ್ಲರೊಡನೆ ಶಾಲೆಗೆ ಹೋಗುವುದು, ಮುಂದೆ ಪೆನ್ಸಿಲ್ವೇನಿಯಾದ ಫ್ರಾಂಕ್ಲಿನ್ ಅಂಡ್ ಮಾರ್ಷಲ್ ಕಾಲೇಜನ್ನು ಸೇರುವುದು ಸಾಧ್ಯವಾಯಿತು. ಹಾಗಿದ್ದರೂ ಯಂತ್ರದ ಕೇಳ್ವಿ ಸಹಜವಾದ ಕೇಳ್ವಿಯಲ್ಲ. ಹತ್ತು ಜನ ಒಟ್ಟಿಗೆ ಮಾತನಾಡುವ ಕಡೆ, ಪ್ರತಿಧ್ವನಿಸುವ ದೊಡ್ಡ ಮಂದಿರಗಳಲ್ಲಿ, ಅದು ಮಾತನ್ನೂ ಗದ್ದಲವನ್ನೂ ಬೇರ್ಪಡಿಸಲಾರದೆ ಸೋಲುತ್ತದೆ, ಆಗ ತುಟಿಯನ್ನು ನೋಡಿಯೇ ಮಾತನ್ನು ಪೂರೈಸಿಕೊಳ್ಳಬೇಕಾಗುತ್ತದೆ. ನೀರಿಗಿಳಿಯುವಾಗಲಂತೂ ಹೊರಗಿನ ಯಂತ್ರವನ್ನು ತೆಗೆದಿಡಲೇಬೇಕು. ಬೆಕಾ ಮೇಯರ್ಸ್ ಸ್ಪರ್ಧೆಯ ಕಟ್ಟೆಯನ್ನು ಏರಿ ನಿಂತ ಹೊತ್ತಿನಿಂದ ಗೆದ್ದು ಹೊರಬಂದು ಯಂತ್ರವನ್ನು ಮತ್ತೆ ಧರಿಸುವವರೆಗೆ ಪೂರ್ಣ ನಿಶ್ಶಬ್ದದಲ್ಲಿರುತ್ತಿದ್ದಳು. ಸಾವಿರಾರು ಜನರ ಕರತಾಡನವು ಆಕೆಯನ್ನು ತಲುಪುತ್ತಿರಲಿಲ್ಲ.

ಈ ಎರಡು ಇಂದ್ರಿಯಗಳೂ ಕುಂದಿದವರಿಗೆ ನೀರಿನೊಡನೆ ಸಂಬಂಧ ಹೇಗಿರುತ್ತದೆಂಬ ಪ್ರಶ್ನೆಗೆ ನಮ್ಮಲ್ಲಿ ಅನೇಕರಿಗೆ ಪರಿಚಿತಳಾದ ಹೆಲೆನ್ ಕೆಲರ್ ತನ್ನ ಆತ್ಮಕಥೆಯಲ್ಲಿ ಒಂದು ಉತ್ತರವನ್ನು ಕೊಟ್ಟಿದ್ದಾಳೆ. ಮ್ಯಾಸಚೂಸೆಟ್ಸ್ ತೀರದ ಬ್ರೂಸ್ಟರ್ ಎಂಬಲ್ಲಿ ಬಾಲಕಿಯಾಗಿದ್ದ ಆಕೆ ಮೊದಲ ಬಾರಿಗೆ ಸಮುದ್ರಕ್ಕೆ ನುಗ್ಗಿದಳು. ಕಾಲು ಕಲ್ಲಿಗೆ ತಗುಲಿ ಬಿದ್ದಳು. ಅಲೆಯು ಆಕೆಯನ್ನು ಎತ್ತಿ ಎಸೆದಾಡಿತು. ನೆಲವೂ ಗಾಳಿಯೂ ಆಪ್ತವಾದ ಸ್ಪರ್ಶವೂ ಒಂದೇ ಕ್ಷಣದಲ್ಲಿ ಇಲ್ಲವಾದ ಆ ಭೀತಿಯನ್ನು ಆಕೆ ಬಹಳ ಸ್ಪಷ್ಟವಾಗಿ ನೆನೆದಿದ್ದಾಳೆ; ದಡಕ್ಕೆ ಬಂದು ಗುರುವಿನ ತೋಳಿಗೆ ಸೇರಿ ಸುಧಾರಿಸಿಕೊಂಡ ಮೇಲೆ ಆಕೆ ಕೇಳಿದ ಮೊದಲ ಪ್ರಶ್ನೆ, ಆ ನೀರಿಗೆ ಉಪ್ಪು ಹಾಕಿದವರು ಯಾರು ಎಂಬುದು. ಕಂಡೂ ಕೇಳಿಯೂ ಇಲ್ಲದ ಮಗುವಿಗೆ ಸಮುದ್ರವು ಆಧಾರಗಳೆಲ್ಲ ಕಳಚಿಹೋಗುವ ಸ್ಥಳವಾಯಿತು. ಅಷರ್ ರೋಗದ ತೀವ್ರವಾದ ಪ್ರಭೇದದಲ್ಲಿ ಈ ಭೀತಿಗೆ ಶರೀರದ ಇನ್ನೊಂದು ಕಾರಣವೂ ಸೇರುತ್ತದೆ. ಒಳಗಿವಿಯಲ್ಲಿ ಕೇಳ್ವಿಯ ಅಂಗದ ಪಕ್ಕದಲ್ಲಿಯೇ ಸಮತೋಲನದ ಅಂಗವಿದೆ. ಈ ಪ್ರಭೇದದಲ್ಲಿ ಅದೂ ಕೆಟ್ಟಿರುವುದರಿಂದ ಅಂಥ ಮಕ್ಕಳು ನಡೆಯಲು ಕಲಿಯುವುದೇ ತಡವಾಗುತ್ತದೆ. ನೆಲದ ಮೇಲೆ ದೇಹದ ಭಾರವಾದರೂ ಅಂಗಾಲಿಗೆ ತಾಗಿ ಮೇಲು ಕೆಳಗುಗಳನ್ನು ತಿಳಿಸುತ್ತದೆ. ನೀರಿನೊಳಗೆ ಭಾರವೂ ಇಲ್ಲ. ಬೆಳಕಿಲ್ಲದ ಕಡೆ ಮುಳುಗಿದರೆ ಮೇಲ್ಮುಖ ಯಾವುದೆಂಬುದೇ ತಿಳಿಯದೆ ಅವರು ಅಪಾಯಕ್ಕೆ ಸಿಲುಕಬಹುದು.

ಕಡಲೂ ಕೆರೆಯೂ ಇಷ್ಟು ಭಯಂಕರವಾಗಿರುವಾಗ ಸ್ಪರ್ಧೆಯ ಈಜುಕೊಳವು ಇಂಥವರಿಗೆ ಒಂದು ಸ್ವಾತಂತ್ರ್ಯದ ಭೂಮಿಯಾಗಿ ಪರಿಣಮಿಸಿರುವುದು ಸೋಜಿಗವೆನ್ನಿಸಬಹುದು. ಆದರೆ ಸ್ವಲ್ಪ ಯೋಚಿಸಿದರೆ ಅದರ ಕಾರಣ ಹೊಳೆಯುತ್ತದೆ. ಮನುಷ್ಯನು ನಿರ್ಮಿಸಿದ ಸ್ಥಳಗಳಲ್ಲಿ ಅದರಷ್ಟು ನಿಯಮಬದ್ಧವಾದುದು ಇನ್ನೊಂದಿಲ್ಲ. ಲೋಕದ ಯಾವ ದೇಶಕ್ಕೆ ಹೋದರೂ ಒಲಿಂಪಿಕ್ ಕೊಳದ ಉದ್ದ 50 ಮೀಟರ್. ಪ್ರತಿಯೊಬ್ಬ ಈಜುಗಾರನ ಪಥಕ್ಕೂ ಎರಡು ಕಡೆ ತೇಲುವ ಹಗ್ಗಗಳು. ದಾರಿ ತಪ್ಪಿದರೆ ಭುಜಕ್ಕೆ ತಾಗಿ ತಿಳಿಸುತ್ತವೆ. ಬಿಳಿಯ ತಳದ ಮೇಲೆ ಪಥದ ನಡುವೆ ಕಡುಗಪ್ಪು ಗೆರೆಯೊಂದು ಉದ್ದಕ್ಕೂ ಓಡಿ, ಗೋಡೆಗೆ ಎರಡು ಮೀಟರ್ ಇರುವಾಗ ಅಡ್ಡಗೆರೆಯೊಡನೆ ಮುಗಿಯುತ್ತದೆ. ಬೆನ್ನಮೇಲೆ ಈಜುವವರಿಗೆ ಗೋಡೆಯಿಂದ ಐದು ಮೀಟರ್ ಇತ್ತ ಮೇಲುಗಡೆ ಸಣ್ಣ ಪತಾಕೆಗಳ ಸಾಲು. ಅಡ್ಡ ಬರುವವರಿಲ್ಲ, ಮೆಟ್ಟಿಲಿಲ್ಲ, ಹೊಸ್ತಿಲಿಲ್ಲ, ಸ್ಥಳ ಬದಲಿಸುವ ಕುರ್ಚಿ ಮೇಜುಗಳಿಲ್ಲ. ನೋಟವು ಎಷ್ಟೇ ಕಿರಿದಾಗಿದ್ದರೂ ಆ ಕಪ್ಪುಗೆರೆ ಅದರೊಳಗೆ ಹಿಡಿಸುತ್ತದೆ. ಹಿಡಿಸದಿದ್ದರೆ ಕೈಬೀಸುಗಳ ಲೆಕ್ಕವಿದೆ, ಇಂತಿಷ್ಟು ಬೀಸಿದ ಮೇಲೆ ಗೋಡೆ ಬಂದೇ ಬರಬೇಕು. ಶಬ್ದದ ಅಗತ್ಯವಂತೂ ಆರಂಭದ ಒಂದು ಕ್ಷಣವನ್ನು ಬಿಟ್ಟರೆ ಈಜಿನಲ್ಲಿ ಯಾರಿಗೂ ಇಲ್ಲ. ಮುಖವನ್ನು ನೀರಿನಲ್ಲಿ ಮುಳುಗಿಸಿದ ಮೇಲೆ ಕಿವಿಯುಳ್ಳವರೂ ಒಂದು ಮಟ್ಟಿಗೆ ಕಿವುಡರೇ.

ಆ ಆರಂಭದ ಕ್ಷಣದ ವಿಷಯ ಹೇಳಬೇಕು. ಸ್ಪರ್ಧೆಯು ಧ್ವನಿಸಂಕೇತದಿಂದ ಹೊರಡುತ್ತದೆ. ಕಿವುಡರಿಗಾಗಿ ಮಿನುಗುವ ದೀಪವನ್ನು ಇಡುವ ಪದ್ಧತಿಯಿದೆ. ದೀಪವಿಲ್ಲದ ಕಡೆ ಸಹಾಯಕನೊಬ್ಬನು ಮಾತಿಲ್ಲದ ಸನ್ನೆಯಿಂದ ಸಂಕೇತವನ್ನು ದಾಟಿಸಬಹುದೆಂದು ನಿಯಮವಿದೆ. ಪೂರ್ಣ ದೃಷ್ಟಿಹೀನರ ವರ್ಗದಲ್ಲಿ ಎಲ್ಲರೂ ಕಪ್ಪು ಬಳಿದ ಕನ್ನಡಕವನ್ನು ಧರಿಸಬೇಕು, ಅವರು ಗೋಡೆಯನ್ನು ಸಮೀಪಿಸುವಾಗ ದಡದಲ್ಲಿ ನಿಂತವನು ತುದಿಗೆ ಮೆತ್ತೆ ಕಟ್ಟಿದ ಕೋಲಿನಿಂದ ಮೈಮುಟ್ಟಿ ಎಚ್ಚರಿಸಬೇಕು. ದೃಷ್ಟಿಮಾಂದ್ಯವುಳ್ಳವರಿಗೆ ಅಂಗವಿಕಲರ ಕ್ರೀಡಾಕೂಟವಾದ ಪ್ಯಾರಾಲಿಂಪಿಕ್ಸಿನ ಈಜಿನಲ್ಲಿ ಮೂರು ವರ್ಗಗಳಿವೆ: ಎಸ್11, ಎಸ್12, ಎಸ್13. ಕಣ್ಣಿನ ಶಕ್ತಿಯನ್ನೂ ನೋಟದ ಅಗಲವನ್ನೂ ಅಳೆದು ಈ ವಿಂಗಡಣೆಯನ್ನು ಮಾಡುತ್ತಾರೆ. ಬೆಕಾ ಹೆಸರು ಗಳಿಸಿದ್ದು ಎಸ್13ರಲ್ಲಿ. ಈ ಅಳತೆಯಲ್ಲಿ ಕಿವಿಗೆ ಸ್ಥಾನವೇ ಇಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಕಿವುಡರ ಕ್ರೀಡಾಕೂಟವು 1924ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರತ್ಯೇಕವಾಗಿ ಆರಂಭವಾಗಿ ಇಂದು ಡೆಫ್ಲಿಂಪಿಕ್ಸ್ ಎಂಬ ಹೆಸರಿನಿಂದ ನಡೆಯುತ್ತಿದೆ. 1960ರಲ್ಲಿ ರೋಮ್ ನಗರದಲ್ಲಿ ಮೊದಲಾದ ಪ್ಯಾರಾಲಿಂಪಿಕ್ಸ್ 1976ರ ಟೊರಾಂಟೊ ಕೂಟದಲ್ಲಿ ದೃಷ್ಟಿಹೀನರಿಗೆ ಬಾಗಿಲು ತೆರೆಯಿತು. ಎರಡು ಪರಂಪರೆಗಳೂ ತಮ್ಮ ತಮ್ಮ ಇಂದ್ರಿಯವನ್ನು ಮಾತ್ರ ಎಣಿಸುತ್ತ ಬೆಳೆದವು. ಎರಡರಲ್ಲಿಯೂ ಕೊರತೆಯುಳ್ಳವಳು ಕಣ್ಣಿನ ವರ್ಗದಲ್ಲಿ ನಿಂತು, ಕಿವಿಯುಳ್ಳವರೊಡನೆ ಸೆಣಸಬೇಕಾಯಿತು. ಬೆಕಾ ಮೇಯರ್ಸ್ ಈ ಬಗ್ಗೆ ದೂರಿಕೊಂಡವಳಲ್ಲ. ನೀರಿನಲ್ಲಿ ಆಕೆಗೆ ಅದರ ಅಗತ್ಯವೂ ಬೀಳಲಿಲ್ಲ.

2012ರ ಲಂಡನ್ ಪ್ಯಾರಾಲಿಂಪಿಕ್ಸಿಗೆ ಆಕೆ ಹೋದಾಗ ಇನ್ನೂ 17 ವರ್ಷದ ಶಾಲಾಬಾಲಕಿ. 200 ಮೀಟರ್ ವೈಯಕ್ತಿಕ ಮೆಡ್ಲೆಯಲ್ಲಿ ರಜತವನ್ನೂ 100 ಮೀಟರ್ ಫ್ರೀಸ್ಟೈಲಿನಲ್ಲಿ ಕಂಚನ್ನೂ ತಂದಳು. ಮೆಡ್ಲೆಯೆಂಬುದು ಈಜುಗಾರರ ಸರ್ವಾಂಗಪರೀಕ್ಷೆ: ಬಟರ್‌ಫ್ಲೈ, ಬ್ಯಾಕ್‌ಸ್ಟ್ರೋಕ್, ಬ್ರೆಸ್ಟ್‌ಸ್ಟ್ರೋಕ್, ಫ್ರೀಸ್ಟೈಲ್ ಈ ನಾಲ್ಕನ್ನೂ ಅದೇ ಕ್ರಮದಲ್ಲಿ ಕೊಳದ ಒಂದೊಂದು ಉದ್ದದಷ್ಟು ಈಜಬೇಕು, ಪ್ರತಿಯೊಂದು ತಿರುವಿನಲ್ಲಿಯೂ ಗೋಡೆಯ ಅಂದಾಜು ಬೇರೆ, ದೇಹದ ಭಂಗಿ ಬೇರೆ. ಅಂಚುಗಳು ಸವೆದ ನೋಟದವಳು ಅದನ್ನೇ ತನ್ನ ಮುಖ್ಯ ಸ್ಪರ್ಧೆಗಳಲ್ಲಿ ಒಂದಾಗಿ ಆರಿಸಿಕೊಂಡಳೆಂಬುದು ಆಕೆಯ ಸ್ವಭಾವವನ್ನು ತಿಳಿಸುತ್ತದೆ.

ಮುಂದಿನ ನಾಲ್ಕು ವರ್ಷಗಳು ಸಾಧನೆಯ ವರ್ಷಗಳು. ಓದಿಗೆ ತಾತ್ಕಾಲಿಕವಾಗಿ ವಿರಾಮ ಕೊಟ್ಟು, ರಾಜಧಾನಿ ವಾಷಿಂಗ್ಟನ್ನಿನ ಪ್ರದೇಶದಲ್ಲಿರುವ ನೇಷನ್ಸ್ ಕ್ಯಾಪಿಟಲ್ ಈಜು ಸಂಘದಲ್ಲಿ ಬ್ರೂಸ್ ಗೆಮೆಲ್ ಎಂಬ ತರಬೇತುದಾರನ ಕೈಕೆಳಗೆ ಆಕೆ ಅಭ್ಯಾಸ ಮಾಡಿದಳು. ಅದೇ ಕೊಳದಲ್ಲಿ, ಅದೇ ಗುರುವಿನ ಬಳಿ, ದೀರ್ಘದೂರದ ಈಜಿನಲ್ಲಿ ನಮ್ಮ ಕಾಲದ ಅದ್ವಿತೀಯ ಪ್ರತಿಭೆಯಾದ ಕೇಟಿ ಲೆಡೆಕಿಯೂ ಅಭ್ಯಾಸ ಮಾಡುತ್ತಿದ್ದಳು. ಈ ವಿಷಯದಲ್ಲಿ ನಾನು ಸ್ವಲ್ಪ ನಿಲ್ಲಬಯಸುತ್ತೇನೆ. ಅಂಗವಿಕಲರ ಕ್ರೀಡೆಯೆಂದರೆ ಅದು ಬೇರೆಯೇ ಆದ, ಸೌಮ್ಯವಾದ, ಪ್ರೋತ್ಸಾಹದ ಚಪ್ಪಾಳೆಯಿಂದ ನಡೆಯುವ ಒಂದು ವಿನೋದವೆಂದು ಭಾವಿಸುವವರು ಈಗಲೂ ಇದ್ದಾರೆ. ಅಂಥವರು ಈ ಅಭ್ಯಾಸದ ಕೊಳವನ್ನು ಕಲ್ಪಿಸಿಕೊಳ್ಳಬೇಕು: ಬೆಳಗಿನ ಜಾವದ ಅದೇ ನಸುಕಿನಲ್ಲಿ ಎದ್ದು, ಅದೇ ನೀರಿಗೆ ಧುಮುಕಿ, ಲೋಕದ ಅತ್ಯುತ್ತಮ ಈಜುಗಾರ್ತಿಯ ಆಸುಪಾಸಿನಲ್ಲಿ ಒಬ್ಬಳು ಈಜುತ್ತಿದ್ದಾಳೆ, ಗುರುವು ದಡದಿಂದ ಕೂಗಿ ಹೇಳುವ ತಿದ್ದುಪಾಟು ಉಳಿದವರಿಗೆಲ್ಲ ಕೇಳಿಸುತ್ತದೆ, ಆಕೆಗೆ ಕೇಳಿಸದು, ಆಕೆ ಗೋಡೆಯವರೆಗೆ ಬಂದು, ತಲೆಯೆತ್ತಿ, ಕಣ್ಣಿನ ಕಿರುವೃತ್ತದೊಳಗೆ ಗುರುವಿನ ಮುಖವನ್ನು ಹುಡುಕಿ ಹಿಡಿದು, ತುಟಿಯನ್ನು ಓದಿ, ಮತ್ತೆ ಹೊರಡಬೇಕು. ಉಳಿದವರಿಗೆ ವಿಶ್ರಾಂತಿಯಾಗುವ ಆ ಕೆಲವು ಸೆಕೆಂಡುಗಳು ಆಕೆಗೆ ದುಡಿಮೆಯ ಸೆಕೆಂಡುಗಳೇ.

2016ರ ಸೆಪ್ಟೆಂಬರಿನಲ್ಲಿ ರಿಯೊ ಡಿ ಜನೈರೊ ನಗರದಲ್ಲಿ ಪ್ಯಾರಾಲಿಂಪಿಕ್ಸ್ ನಡೆಯಿತು. ಆಕೆಯ ವರ್ಗದಲ್ಲಿ ಆಕೆಯೇ ಮೊದಲಿಗಳೆಂದು ಆಗಲೇ ಪ್ರಸಿದ್ಧಿಯಿತ್ತು. ಹಿಂದಿನ ವರ್ಷ ಅಮೆರಿಕದ ಇಎಸ್‌ಪಿಎನ್ ಸಂಸ್ಥೆಯು ನೀಡುವ, ಅಂಗವಿಕಲ ಕ್ರೀಡಾಪಟುಗಳಲ್ಲಿ ಶ್ರೇಷ್ಠಳೆಂಬ ಗೌರವವು ಆಕೆಗೆ ಸಂದಿತ್ತು. 2017ರಲ್ಲಿ ಅದು ಮತ್ತೊಮ್ಮೆ ಸಲ್ಲಲಿತ್ತು. ಆದರೆ ರಿಯೊ ಕ್ರೀಡಾಗ್ರಾಮವು ಆಕೆಯನ್ನು ಸ್ಪರ್ಧೆಗೆ ಮೊದಲೇ ಸೋಲಿಸುವುದರಲ್ಲಿತ್ತು. 31 ಗೋಪುರದಂಥ ವಸತಿಕಟ್ಟಡಗಳು, ಒಂದರಂತೆ ಇನ್ನೊಂದು, ಅವುಗಳ ನಡುವೆ ಗುಂಪುಗುಂಪಾಗಿ ಚಲಿಸುವ ಹಲವು ದೇಶಗಳ ಜನ, ಗಾಲಿಕುರ್ಚಿಗಳು, ವಾಹನಗಳು, ಏಕಕಾಲದಲ್ಲಿ ಸಾವಿರಾರು ಜನ ಉಣ್ಣುವ ಅಪಾರವಾದ ಊಟದ ಮನೆ, ಅದರ ಗದ್ದಲದಲ್ಲಿ ಕಾಕ್ಲಿಯರ್ ಯಂತ್ರಕ್ಕೆ ಒಂದು ಮಾತೂ ಬಿಡಿಯಾಗಿ ಸಿಗದು. ಕೊಳದಲ್ಲಿ ಗೋಡೆ ಎಲ್ಲಿದೆಯೆಂಬುದನ್ನು ಕೈಬೀಸಿನ ಲೆಕ್ಕದಲ್ಲಿ ಅರಿಯುತ್ತಿದ್ದವಳಿಗೆ ಊಟದ ಮನೆಗೆ ಹೋಗುವ ದಾರಿ ಸಿಗಲಿಲ್ಲ. ಸಿಗದಾಗ ಆಕೆ ಕೋಣೆಯಲ್ಲಿಯೇ ಉಳಿದಳು, ಹೊಟ್ಟೆತುಂಬ ಉಣ್ಣಲಿಲ್ಲ, ಅಳತೊಡಗಿದಳು. ಸ್ಪರ್ಧೆಗೆ ಬಂದ ಲೋಕೋತ್ತರ ಕ್ರೀಡಾಪಟುವೊಬ್ಬಳು ನೂರಾರು ಅಡಿಗಳಾಚೆ ಅನ್ನದ ರಾಶಿಯಿರುವಾಗ ಹಸಿದಿದ್ದಳು. ಕೂಟವನ್ನು ನೋಡಲು ಬಂದಿದ್ದ ತಂದೆತಾಯಿಗಳು ಮಗಳ ಸ್ಥಿತಿಯನ್ನು ಕಂಡು ಗಾಬರಿಗೊಂಡು, ಆಕೆಯನ್ನು ಗ್ರಾಮದಿಂದ ತಾವು ಇಳಿದುಕೊಂಡಿದ್ದ ಹೋಟೆಲಿಗೆ ಕರೆದೊಯ್ದು, ಉಣಿಸಿ, ಮಲಗಿಸಿ, ಕೆಲವು ದಿನ ಜೊತೆಯಲ್ಲಿಟ್ಟುಕೊಂಡು ಚೇತರಿಸಿಕೊಳ್ಳುವಂತೆ ಮಾಡಿದರು.

ಆಮೇಲೆ ಆಕೆ ಕೊಳಕ್ಕೆ ಹೋದಳು. 100 ಮೀಟರ್ ಬಟರ್‌ಫ್ಲೈಯಲ್ಲಿ ಸ್ವರ್ಣ. 200 ಮೀಟರ್ ಮೆಡ್ಲೆಯಲ್ಲಿ ಸ್ವರ್ಣ. 400 ಮೀಟರ್ ಫ್ರೀಸ್ಟೈಲಿನಲ್ಲಿ ಸ್ವರ್ಣ, ಅದೂ 4 ನಿಮಿಷ 19.59 ಸೆಕೆಂಡುಗಳ ವಿಶ್ವದಾಖಲೆಯೊಡನೆ. 50 ಮೀಟರ್ ಫ್ರೀಸ್ಟೈಲಿನಲ್ಲಿ ರಜತ. ಒಂದು ತಿಂಗಳ ಹಿಂದೆ ಅದೇ ಕ್ರೀಡಾಂಗಣದ ಅದೇ ನೀರಿನಲ್ಲಿ ಅದೇ ಗುರುವಿನ ಶಿಷ್ಯೆಯಾದ ಲೆಡೆಕಿ ಅದೇ 400 ಮೀಟರ್ ದೂರವನ್ನು 3 ನಿಮಿಷ 56.46 ಸೆಕೆಂಡುಗಳಲ್ಲಿ ಈಜಿ ತನ್ನ ವಿಶ್ವದಾಖಲೆಯನ್ನು ಸ್ಥಾಪಿಸಿದ್ದಳು. ಈ ಎರಡು ಅಂಕಗಳ ನಡುವಣ ಅಂತರ 23 ಸೆಕೆಂಡುಗಳು; ಎಂಟು ಸುತ್ತುಗಳ ದೂರದಲ್ಲಿ ಪ್ರತಿ ಸುತ್ತಿಗೆ ಮೂರು ಸೆಕೆಂಡು ಕೂಡ ಪೂರ್ತಿಯಾಗದು. ಕಂಡು ಕೇಳಿ ಈಜುವ ಅಸಂಖ್ಯ ಈಜುಗಾರ್ತಿಯರು ತಮ್ಮ ಜೀವಮಾನದಲ್ಲಿ ಮುಟ್ಟಲಾರದ ವೇಗ ಬೆಕಾ ಮೇಯರ್ಸಳದು.

ರಿಯೊದ ಸಂಕಟವು ಒಂದು ಒಳ್ಳೆಯ ವ್ಯವಸ್ಥೆಗೆ ಕಾರಣವಾಯಿತು. 2017ರಿಂದ ಆಕೆ ಹೊರದೇಶದ ಕೂಟಗಳಿಗೆ ಹೋಗುವಾಗ ವೈಯಕ್ತಿಕ ಸಹಾಯಕಿಯಾಗಿ ತಾಯಿಯೂ ಜೊತೆಗಿರಬಹುದೆಂದು ಅಮೆರಿಕದ ಒಲಿಂಪಿಕ್ ಸಮಿತಿ ಒಪ್ಪಿತು. ತಾಯಿಯೇ ಏಕೆ, ಸಮಿತಿಯ ನೌಕರರೊಬ್ಬರು ಆಗುವುದಿಲ್ಲವೆ ಎಂದು ಕೇಳಬಹುದು. ಕಿವುಡುಗುರುಡಿನಲ್ಲಿ ಸಹಾಯವೆಂದರೆ ಕೈಹಿಡಿದು ನಡೆಸುವುದಷ್ಟೇ ಆಗಿದ್ದರೆ ಯಾರಾದರೂ ಆಗಬಹುದಾಗಿತ್ತು. ಆದರೆ ಆ ಕೈಯ ಮೂಲಕವೇ ಲೋಕದ ಸಮಾಚಾರವೆಲ್ಲ ಬರಬೇಕಾಗಿರುತ್ತದೆ: ಬಸ್ಸು ಹೊರಡುವ ಹೊತ್ತು ಬದಲಾಯಿತೆಂಬುದು, ಎದುರಿಗೆ ಬಂದವರು ನಕ್ಕರೋ ಮುನಿದರೋ ಎಂಬುದು, ಕೂಗು ಕೇಳಿಬಂದದ್ದು ಅಪಾಯದ್ದೋ ಸಂಭ್ರಮದ್ದೋ ಎಂಬುದು. ಸಹಾಯಕರು ಎಷ್ಟು ಹೇಳಬೇಕು, ಎಷ್ಟನ್ನು ಬಿಡಬಹುದು, ಯಾವಾಗ ಸುಮ್ಮನೆ ಪಕ್ಕದಲ್ಲಿ ನಿಂತರೆ ಸಾಕು ಎಂಬುದೆಲ್ಲ ದೀರ್ಘಕಾಲದ ಸಹವಾಸದಿಂದ ಬರುವ ಜ್ಞಾನ. ಹೆಲೆನ್ ಕೆಲರಳ ಪಕ್ಕದಲ್ಲಿ ಆನ್ ಸಲಿವನ್ ಸುಮಾರು ಅರ್ಧ ಶತಮಾನ ನಿಂತಿದ್ದಳೆಂಬುದನ್ನು ನಾವು ಗುರುಭಕ್ತಿಯ ಕಥೆಯಾಗಿ ಹೇಳುತ್ತೇವೆ. ಅದು ಶಿಷ್ಯೆಯ ಅವಶ್ಯಕತೆಯ ಕಥೆಯೂ ಹೌದು. ತಾಯಿ ಜೊತೆಗಿದ್ದ ವರ್ಷಗಳಲ್ಲಿ ಬೆಕಾಳಿಗೆ ತನ್ನ ಶಕ್ತಿಯನ್ನೆಲ್ಲ ಈಜಿಗಾಗಿಯೇ ಉಳಿಸಿಕೊಳ್ಳುವುದು ಸಾಧ್ಯವಾಯಿತು.

ಆಮೇಲೆ ಬಂದದ್ದು ಮಹಾಮಾರಿ. 2020ರಲ್ಲಿ ನಡೆಯಬೇಕಾಗಿದ್ದ ಟೋಕಿಯೊ ಕೂಟ ಒಂದು ವರ್ಷ ಮುಂದಕ್ಕೆ ಹೋಯಿತು. ವಿದೇಶೀ ಪ್ರೇಕ್ಷಕರಿಗೆ ಪ್ರವೇಶವಿಲ್ಲವೆಂದು ಜಪಾನ್ ಸಾರಿತು. ಪ್ರತಿ ದೇಶದ ತಂಡದೊಡನೆ ಬರುವ ಸಿಬ್ಬಂದಿಯ ಸಂಖ್ಯೆಯನ್ನು ಮೊಟಕುಗೊಳಿಸಲಾಯಿತು. ಬೆಕಾ ತನ್ನ ತಾಯಿಗೆ ಸಹಾಯಕಿಯ ಸ್ಥಾನವನ್ನು ಕೋರಿದಳು, ಸಮಿತಿ ನಿರಾಕರಿಸಿತು. ಅಮೆರಿಕದ ಈಜು ತಂಡದಲ್ಲಿ 34 ಮಂದಿ. ಅವರಲ್ಲಿ ಒಂಬತ್ತು ಮಂದಿ ದೃಷ್ಟಿಮಾಂದ್ಯವುಳ್ಳವರು. ಇವರೆಲ್ಲರಿಗೂ ಸೇರಿ ಒಬ್ಬರು ವೈಯಕ್ತಿಕ ಸಹಾಯಕರು, ಅವರಿಗೆ ನೆರವಾಗಿ ತರಬೇತುದಾರರು. ಸಮಿತಿಯ ಮುಖ್ಯಸ್ಥೆ ಸಾರಾ ಹಿರ್ಶ್‌ಲ್ಯಾಂಡ್‌ರ ಆಡಳಿತವು ಜಪಾನಿನ ನಿರ್ಬಂಧಗಳನ್ನು ಕಾರಣವಾಗಿ ಮುಂದಿಟ್ಟಿತು, ಆ ನಿರ್ಬಂಧಗಳು ಸುಳ್ಳಾಗಿರಲಿಲ್ಲ. ಆದರೆ ಇದ್ದ ಸ್ಥಾನಗಳನ್ನು ಯಾರು ಯಾರಿಗೆ ಹಂಚಬೇಕೆಂಬ ನಿರ್ಣಯ ಜಪಾನಿನದಾಗಿರಲಿಲ್ಲ, ಸಮಿತಿಯದಾಗಿತ್ತು ಎಂಬುದು ನನ್ನ ಅಭಿಪ್ರಾಯ. ತಂಡವೊಂದಕ್ಕೆ ಬೇಕಾದವರು ಯಾರು ಎಂಬ ಪಟ್ಟಿಯನ್ನು ಬರೆಯುವಾಗ ಕಿವುಡುಗುರುಡಾದವಳ ಸಹಾಯಕಿಯ ಹೆಸರು ಕೊನೆಯ ಸಾಲಿಗೆ ಬಂದು, ಕತ್ತರಿ ಬಿದ್ದಾಗ ಮೊದಲು ಉದುರಿತು.

ರಿಯೊಗಿಂತ ಟೋಕಿಯೊ ಆಕೆಗೆ ಎಷ್ಟೋ ಪಾಲು ಕಠಿನವಾಗುತ್ತಿತ್ತೆಂಬುದನ್ನು ಊಹಿಸುವುದು ಕಷ್ಟವಲ್ಲ. ಐದು ವರ್ಷಗಳಲ್ಲಿ ದೃಷ್ಟಿ ಇನ್ನಷ್ಟು ಸೊರಗಿತ್ತು. ಎಲ್ಲರ ಮುಖಕ್ಕೂ ಮಾಸ್ಕ್; ತುಟಿಯನ್ನು ಓದುವ ದಾರಿ ಪೂರ್ತಿಯಾಗಿ ಮುಚ್ಚಿತ್ತು. ಎಲ್ಲರ ನಡುವೆಯೂ ವಿಧಿಸಿದ ಅಂತರ; ತೋಳು ಹಿಡಿದು ನಡೆಸುವವರೂ ಇಲ್ಲ. ಕಿವಿಗೂ ಕಣ್ಣಿಗೂ ಬದಲಾಗಿ ಉಳಿದಿದ್ದ ಎರಡು ಸಾಧನಗಳಾದ ಓದಬಹುದಾದ ತುಟಿಯನ್ನೂ ಮುಟ್ಟಬಹುದಾದ ಕೈಯನ್ನೂ ಆ ವರ್ಷದ ನಿಯಮಗಳು ಒಟ್ಟಿಗೆ ನಿಷೇಧಿಸಿದ್ದವು. ಕಣ್ಣುಮುಚ್ಚಿ ಹೊರಟು, ಪದಕದ ಆಸೆಯಿಂದ ಮತ್ತೊಮ್ಮೆ ಆ ಕೋಣೆಯ ಹಸಿವನ್ನೂ ಒಂಟಿತನವನ್ನೂ ಅನುಭವಿಸಲು ಆಕೆ ಒಪ್ಪಲಿಲ್ಲ. 2021ರ ಜುಲೈ 20ರಂದು, ಕೂಟಕ್ಕೆ ಇನ್ನು ಐದು ವಾರಗಳಿರುವಾಗ, ತಾನು ಅಮೆರಿಕದ ತಂಡದಿಂದ ಹಿಂದೆ ಸರಿದಿದ್ದೇನೆಂದು ಪ್ರಕಟಿಸಿದಳು. ತನಗೆ ಕೋಪವಿದೆ, ನಿರಾಶೆಯಿದೆ, ಎಲ್ಲಕ್ಕಿಂತ ಮಿಗಿಲಾಗಿ ದೇಶದ ಪರವಾಗಿ ಈಜಲಾಗದ ದುಃಖವಿದೆ ಎಂಬ ಅರ್ಥದ ಮಾತುಗಳನ್ನು ಬರೆದಳು. ಮುಂದಿನ ಪೀಳಿಗೆಯ ಅಂಗವಿಕಲ ಕ್ರೀಡಾಪಟುಗಳು ಈ ಯಾತನೆಯನ್ನು ಪಡಬಾರದೆಂಬುದಕ್ಕಾಗಿ ತಾನು ಮಾತನಾಡಲೇಬೇಕಾಗಿದೆಯೆಂದೂ ತಿಳಿಸಿದಳು. ಆಗ ಆಕೆಗೆ 26 ವರ್ಷ. ಈಜುಗಾರ್ತಿಯ ಆಯುಷ್ಯದಲ್ಲಿ ಇನ್ನೊಂದು ಅವಕಾಶಕ್ಕೆ ಕಾಯುವ ವಯಸ್ಸಲ್ಲ, ಕಣ್ಣಿನ ಆಯುಷ್ಯದಲ್ಲಿಯಂತೂ ಖಂಡಿತವಾಗಿಯೂ ಅಲ್ಲ.

ಈ ನಿರಾಕರಣೆ ಮಾಡಿದ ಸಮಿತಿಯು ಅಂಗವಿಕಲರ ವಿಷಯದಲ್ಲಿ ಏನೂ ಮಾಡದ ಸಮಿತಿಯಾಗಿರಲಿಲ್ಲವೆಂಬುದೇ ನನಗೆ ಹೆಚ್ಚು ಚಿಂತೆಯನ್ನುಂಟುಮಾಡುತ್ತದೆ. ರಿಯೊದಲ್ಲಿ ಸ್ವರ್ಣ ಗೆದ್ದ ಅಮೆರಿಕದ ಪ್ಯಾರಾಲಿಂಪಿಕ್ ಕ್ರೀಡಾಪಟುವಿಗೆ ಒಲಿಂಪಿಕ್ ಕ್ರೀಡಾಪಟುವಿಗೆ ಸಿಗುವುದರ ಐದನೆಯ ಒಂದು ಪಾಲಿನಷ್ಟೇ ಬಹುಮಾನವಿತ್ತು. 2018ರಲ್ಲಿ ಅದೇ ಸಮಿತಿ ಎರಡನ್ನೂ ಸಮಾನಗೊಳಿಸಿತು. 2019ರಲ್ಲಿ ತನ್ನ ಹೆಸರಿನೊಳಗೇ ಪ್ಯಾರಾಲಿಂಪಿಕ್ ಎಂಬುದನ್ನು ಸೇರಿಸಿಕೊಂಡಿತು. ಅಂಗವಿಕಲರ ಹಕ್ಕುಗಳಿಗಾಗಿ 1990ರಷ್ಟು ಹಿಂದೆಯೇ ಪ್ರಬಲವಾದ ಕಾಯಿದೆಯನ್ನು ಮಾಡಿದ ದೇಶ ಅದು. ಹೆಸರು, ಹಣ, ಶಾಸನ ಮೂರೂ ಸಮಾನತೆಯ ಕಡೆಗೆ ನಡೆದಿರುವಾಗ, ಊಟದ ಮನೆಯವರೆಗಿನ ದಾರಿಯು ಮಾತ್ರ ಯಾರ ಲೆಕ್ಕಕ್ಕೂ ಬಾರದೆ ಉಳಿಯಿತು. ನಮ್ಮ ದೇಶದಲ್ಲಿಯೂ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆಯು 21 ಬಗೆಯ ನ್ಯೂನತೆಗಳನ್ನು ಎಣಿಸುವಾಗ ಕಿವುಡುಗುರುಡನ್ನು ಬಹುವಿಧ ವೈಕಲ್ಯದಡಿ ಹೆಸರಿಸಿ ಮಾನ್ಯಮಾಡಿದೆ. ಹೆಸರಿಸಿದ್ದು ಸಣ್ಣ ಕೆಲಸವಲ್ಲ, ಅಂಕೆಯಲ್ಲಿಲ್ಲದವರಿಗೆ ಹಕ್ಕೂ ಇರುವುದಿಲ್ಲ. ಆದರೂ ಅಂಥ ಮಗುವಿನ ಪಕ್ಕದಲ್ಲಿ ದಿನವೆಲ್ಲ ಇರಬಲ್ಲ ತರಬೇತಾದ ಒಬ್ಬ ವ್ಯಕ್ತಿಯನ್ನು ಒದಗಿಸುವ ಹೊರೆ ಇಲ್ಲಿಯೂ ಬಹುಮಟ್ಟಿಗೆ ಮನೆಯ ಹೆಂಗಸರ ಮೇಲೆಯೇ ಬಿದ್ದಿದೆ.

ಬೆಕಾಳ ನಿರ್ಧಾರವನ್ನು ಕುರಿತು ಆಗ ಒಂದು ಆಕ್ಷೇಪ ಕೇಳಿಬರುವುದು ಸಹಜವೇ ಆಗಿತ್ತು: ಸ್ವಾವಲಂಬನೆಯ ಪ್ರದರ್ಶನವೇ ಪ್ಯಾರಾಲಿಂಪಿಕ್ಸಿನ ಉದ್ದೇಶವಾಗಿರುವಾಗ, ತಾಯಿಯಿಲ್ಲದೆ ಬರಲಾರೆನೆನ್ನುವುದು ಉಚಿತವೇ ಎಂದು. ಇದಕ್ಕೆ ಸಮಾಧಾನ ಹೇಳಲು ಬಹುದೂರ ಹೋಗಬೇಕಾಗಿಲ್ಲ. ಯಾವ ಒಲಿಂಪಿಕ್ ಈಜುಗಾರನೂ ಒಬ್ಬನೇ ಬರುವುದಿಲ್ಲ. ಅವನೊಡನೆ ತರಬೇತುದಾರನಿದ್ದಾನೆ, ವೈದ್ಯನಿದ್ದಾನೆ, ಸ್ನಾಯುಗಳನ್ನು ನೀವಿ ಸಡಿಲಿಸುವವನಿದ್ದಾನೆ, ಸಾಮಾನು ಸರಂಜಾಮುಗಳನ್ನೂ ಪ್ರಯಾಣವನ್ನೂ ನೋಡಿಕೊಳ್ಳುವವರಿದ್ದಾರೆ. ಇಷ್ಟು ಜನರ ಹೆಗಲ ಮೇಲೆ ನಿಂತವನನ್ನು ಪರಾವಲಂಬಿಯೆಂದು ಯಾರೂ ಕರೆಯುವುದಿಲ್ಲ, ಏಕೆಂದರೆ ಆ ನೆರವೆಲ್ಲ ಎಲ್ಲರಿಗೂ ಸಾಮಾನ್ಯವಾದುದು. ಒಬ್ಬಳಿಗೆ ಮಾತ್ರ ಬೇಕಾದ ನೆರವು ಬಂದಾಗ ಅದು ಅವಳ ದೌರ್ಬಲ್ಯವಾಗಿ ತೋರುತ್ತದೆ. ಬೆಕಾ ನೀರಿನಲ್ಲಿ ಯಾರ ನೆರವನ್ನೂ ಕೇಳಿದವಳಲ್ಲ. ಆಕೆಯ ಪ್ರತಿಯೊಂದು ಕೈಬೀಸೂ, ಪ್ರತಿಯೊಂದು ತಿರುವೂ ಆಕೆಯದೇ. ಆ ನೀರಿನವರೆಗೆ ಸುರಕ್ಷಿತವಾಗಿ, ಹೊಟ್ಟೆ ತುಂಬಿ, ಮನಸ್ಸು ಕಂಗೆಡದೆ ಬಂದು ತಲುಪುವುದಕ್ಕೆ ಬೇಕಾದುದನ್ನು ಆಕೆ ಕೇಳಿದಳು.

ಪ್ಯಾರಾಲಿಂಪಿಕ್ಸಿನ ಇತರ ಕ್ರೀಡೆಗಳು ಈ ವಿಷಯದಲ್ಲಿ ಈಜಿಗಿಂತ ಮುಂದೆ ಹೋಗಿವೆ. ಓಟದ ಪಥದಲ್ಲಿ ದೃಷ್ಟಿಹೀನ ಓಟಗಾರ್ತಿಯ ಕೈಗೂ ಮಾರ್ಗದರ್ಶಿಯ ಕೈಗೂ ಒಂದು ಚಿಕ್ಕ ದಾರ ಕಟ್ಟಿರುತ್ತದೆ. ಇಬ್ಬರೂ ಒಂದೇ ಹೆಜ್ಜೆಯಲ್ಲಿ ಓಡುತ್ತಾರೆ. ಗೆದ್ದಾಗ ಮಾರ್ಗದರ್ಶಿಯೂ ವೇದಿಕೆಯೇರಿ ಪದಕವನ್ನು ಧರಿಸುತ್ತಾನೆ. ಜೋಡಿ ಸೈಕಲ್ಲಿನಲ್ಲಿ ಮುಂದೆ ಕುಳಿತು ನಡೆಸುವ ಪೈಲಟ್‌ಗೂ ಅದೇ ಗೌರವವಿದೆ. ಅಲ್ಲಿ ನೆರವು ಸ್ಪರ್ಧೆಯೊಳಗೇ ನಡೆಯುವುದರಿಂದ ಎಲ್ಲರ ಕಣ್ಣಿಗೂ ಬೀಳುತ್ತದೆ. ಈಜಿನಲ್ಲಿ ಅದು ಕೊಳದಿಂದ ಹೊರಗೆ, ಓಣಿಯಲ್ಲಿ, ಬಸ್ಸಿನಲ್ಲಿ, ಊಟದ ಸಾಲಿನಲ್ಲಿ ನಡೆಯುವುದರಿಂದ ಯಾರೂ ಕಾಣರು. ಆ ಕಾಣದ ಕೆಲಸಕ್ಕೆ ಬೆಕಾ ಮೇಯರ್ಸ್ ಪದಕವನ್ನು ಕೋರಲಿಲ್ಲ. ತಂಡದ ಪಟ್ಟಿಯಲ್ಲಿ ತರಬೇತುದಾರನಿಗೂ ವೈದ್ಯನಿಗೂ ಇರುವಂಥ ಒಂದು ಸ್ಥಾನವನ್ನು, ಅದೂ ಪ್ರತಿ ಕೂಟಕ್ಕೆ ಮೊದಲು ಹೊಸದಾಗಿ ಬೇಡಬೇಕಾಗಿಲ್ಲದ ಸ್ಥಾನವನ್ನು, ಕೋರಿದಳು.